ನರ್ಸಿಂಗ್ ಸೇರುವವರನ್ನು ಏನು ಕೇಳಬೇಕು?

ಮಾನ್ಯ ಸಂಪಾದಕರೇ,

ಪಿಯುಸಿ ಮುಗಿಸಿ ನರ್ಸಿಂಗ್ ಸೀಟು ಹುಡುಕುವ ಮಕ್ಕಳನ್ನು ‘ಯಾಕೆ ಈ ಕೋರ್ಸು?’ ಎಂದು ಕೇಳಿದರೆ ಸಿಗುವ ಉತ್ತರ ಎರಡೇ. ಎದುರಿಗೆ ಹೇಳುವುದು ‘ರೋಗಿಗಳ ಸೇವೆ ಮಾಡಬೇಕು’ ಅಂತ. ಮನೆಯಲ್ಲಿ ಮಾತಾಡಿಕೊಂಡಿರುವುದು ‘ಬೇಗ ಕೆಲಸ ಸಿಗುತ್ತದೆ, ಫಾರಿನ್‌ಗೂ ಹೋಗಬಹುದು’ ಅಂತ. ಎರಡರಲ್ಲೂ ತಪ್ಪಿಲ್ಲ. ಆದರೆ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ವಾರ್ಡ್ ಪೋಸ್ಟಿಂಗ್ ಶುರುವಾಗಿ, ಎಂಟು ಗಂಟೆ ನಿಂತು, ರೋಗಿಯ ಕಡೆಯವರಿಂದ ಬೈಸಿಕೊಂಡ ಮೇಲೂ ಇವೆರಡರ ಬಲದಲ್ಲೇ ಓದು ಮುಂದುವರಿಸುವವರು ಕಡಿಮೆ. ಕೊನೆತನಕ ನಿಲ್ಲುವವರಲ್ಲಿ ಬೇರೆಯೇ ಒಂದು ಗುಣ ಕಾಣುತ್ತದೆ: ಲೆಕ್ಕ ತಾಳೆಯಾಗುವ ತನಕ ಅವರಿಗೆ ಸಮಾಧಾನವಿರುವುದಿಲ್ಲ. ಇದನ್ನು ಪ್ರವೇಶದ ಹೊತ್ತಿಗೆ ಯಾರೂ ಕೇಳುವುದಿಲ್ಲ.

ಇನ್ಸುಲಿನ್ ಇಂಜೆಕ್ಷನ್ನನ್ನೇ ನೋಡಿ. ನಮ್ಮಲ್ಲಿ ಹೆಚ್ಚಾಗಿ ಬಳಸುವ ವಯಲ್‌ನಲ್ಲಿ (ಔಷಧದ ಪುಟ್ಟ ಬಾಟಲಿ) ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್. ಅದೇ ಟ್ರೇಯಲ್ಲಿ ಕಿತ್ತಳೆ ಮುಚ್ಚಳದ ಯು-100 ಸಿರಿಂಜ್ ಕೂಡ ಬಿದ್ದಿರುತ್ತದೆ. ಡಾಕ್ಟರ್ ಬರೆದದ್ದು 20 ಯೂನಿಟ್ ಎಂದುಕೊಳ್ಳಿ. ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಎಂಎಲ್, ಅಂದರೆ ಬರೀ 8 ಯೂನಿಟ್. ಚಾರ್ಟ್‌ನಲ್ಲಿ ಮಾತ್ರ 20 ಎಂದೇ ದಾಖಲಾಗುತ್ತದೆ. ಸಕ್ಕರೆ ಇಳಿಯಲಿಲ್ಲವೆಂದು ರೌಂಡ್ಸ್‌ನಲ್ಲಿ ಡೋಸ್ ಏರಿಸುತ್ತಾರೆ. ರಾತ್ರಿ ಪಾಳಿಯವರು ಸರಿಯಾದ ಸಿರಿಂಜ್ ತೆಗೆದುಕೊಂಡು ಏರಿಸಿದ ಡೋಸನ್ನು ಪೂರ್ತಿ ಕೊಡುತ್ತಾರೆ. ಬೆಳಗಿನ ಜಾವ ರೋಗಿ ಸಕ್ಕರೆ ತೀರಾ ಇಳಿದು, ಬೆವತು, ಕರೆದರೆ ಓಗೊಡದ ಸ್ಥಿತಿಗೆ ಬಂದಿರುತ್ತಾನೆ. ತಪ್ಪು ಉಲ್ಟಾ ಆದರೆ ಇನ್ನೂ ಕೆಟ್ಟದ್ದು: 100 ಯೂನಿಟ್‌ನ ವಯಲ್‌ಗೆ ಕೆಂಪು ಸಿರಿಂಜ್ ಹಾಕಿ 20ರ ಗೆರೆಗೆ ಎಳೆದರೆ ಒಮ್ಮೆಲೇ 50 ಯೂನಿಟ್ ಒಳಗೆ ಹೋಗುತ್ತದೆ. ವಯಲ್ ಮೇಲಿನ ಅಂಕಿಯನ್ನೂ ಸಿರಿಂಜ್ ಮೇಲಿನ ಅಂಕಿಯನ್ನೂ ಪ್ರತಿ ಸಲ, ನೂರನೇ ಸಲವೂ, ಓದಿ ನೋಡುವವರು ಈ ಕೆಲಸಕ್ಕೆ ಬೇಕು.

ಡ್ರಿಪ್‌ನದೂ ಇದೇ ಕಥೆ. ಮಾಮೂಲಿ ಸೆಟ್‌ನಲ್ಲಿ (ಬಾಟಲಿಯಿಂದ ರೋಗಿಯ ಕೈಗೆ ಹೋಗುವ ಕೊಳವೆ) 20 ಹನಿ ಸೇರಿದರೆ ಒಂದು ಎಂಎಲ್. 500 ಎಂಎಲ್ ಬಾಟಲಿ 8 ಗಂಟೆ ಓಡಬೇಕಾದರೆ ನಿಮಿಷಕ್ಕೆ ಸುಮಾರು 21 ಹನಿ. ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್‌ನಲ್ಲಿ 60 ಹನಿಗೆ ಒಂದು ಎಂಎಲ್. ಅಲ್ಲಿ ಅದೇ ವೇಗಕ್ಕೆ 62-63 ಹನಿ ಬೇಕು. ಸೆಟ್ ಯಾವುದೆಂದು ನೋಡದೆ ಮಾಮೂಲಿ ಸೆಟ್‌ನಲ್ಲಿ 62 ಹನಿ ಬಿಟ್ಟರೆ ಬಾಟಲಿ ಮೂರು ಗಂಟೆಯೊಳಗೆ ಖಾಲಿ. ಹೃದಯ ದುರ್ಬಲವಾಗಿರುವ ಹಿರಿಯರಿಗೆ ಅಷ್ಟು ನೀರು ಶ್ವಾಸಕೋಶಕ್ಕೆ ಏರಲು ಸಾಕು. ಒಮ್ಮೆ ಹನಿ ಎಣಿಸಿ ಹೋದರೂ ಮುಗಿಯಲಿಲ್ಲ. ರೋಗಿ ಮೊಣಕೈ ಮಡಿಸಿದರೆ ನಿಧಾನವಾಗುತ್ತದೆ, ಕೈ ಚಾಚಿದರೆ ಜೋರಾಗುತ್ತದೆ. ಜೊತೆಗಿರುವವರು ‘ಬೇಗ ಮುಗೀಲಿ’ ಎಂದು ಹನಿಯ ವೇಗ ಹೊಂದಿಸುವ ರೋಲರ್ ತಿರುಗಿಸುವುದೂ ಉಂಟು!

ಮೂತ್ರದ ಚೀಲ ಖಾಲಿ ಮಾಡುವುದು ಕೀಳು ಕೆಲಸವೆಂದು ಮೂಗು ಮುರಿಯುವ ಪೋಷಕರು ಈಗಲೂ ಇದ್ದಾರೆ. 60 ಕೆ.ಜಿ. ತೂಕದ ರೋಗಿಗೆ ಗಂಟೆಗೆ ಕನಿಷ್ಠ 30 ಎಂಎಲ್ ಮೂತ್ರ ಬರಬೇಕು, ಕೆ.ಜಿ.ಗೆ ಅರ್ಧ ಎಂಎಲ್‌ನ ಲೆಕ್ಕ. ಎರಡು ಮೂರು ಗಂಟೆ ಅದಕ್ಕಿಂತ ಕಡಿಮೆ ಬಂದರೆ ರಕ್ತದೊತ್ತಡ ಬೀಳುವ ಮೊದಲೇ ದೇಹ ಕೊಡುವ ಸುಳಿವು ಅದು. ಮೊದಲು ನೋಡಬೇಕಾದ್ದು ಟ್ಯೂಬು ರೋಗಿಯ ತೊಡೆಯಡಿ ಮಡಚಿಕೊಂಡಿದೆಯೇ ಎಂದು. ಸರಿಯಿದ್ದರೆ ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಪಾಳಿ ಮುಗಿಯುವಾಗ ಕಣ್ಣಂದಾಜಿನಲ್ಲಿ ‘800’ ಎಂದು ಬರೆಯುವವರ ಕೈಗೆ ಈ ಸುಳಿವು ಸಿಗುವುದೇ ಇಲ್ಲ.

ಹಾಗಾಗಿ ಮನೆಯವರು ಕೇಳಬೇಕಾದ್ದು ಬೇರೆ. ಅಜ್ಜಿಗೆ ಮಾತ್ರೆ ಕೊಡುವಾಗ ಮಗಳು ಮಾತ್ರೆಯ ಸ್ಟ್ರಿಪ್ ಮೇಲಿನ ಹೆಸರು, ಎಂಜಿ ಓದುತ್ತಾಳೆಯೇ, ಬಣ್ಣ ನೋಡಿ ಕೊಟ್ಟುಬಿಡುತ್ತಾಳೆಯೇ? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲಾಗಿಸು ಎಂದರೆ, ಬೆನ್ನಿನ ಕೆಳಭಾಗ, ಹಿಮ್ಮಡಿ ಕೆಂಪಾಗಿದೆಯೇ ಎಂದು ಮಗ ತಾನಾಗಿ ನೋಡುತ್ತಾನೆಯೇ? ಹೌದಾದರೆ ಧೈರ್ಯವಾಗಿ ಕಳಿಸಿ. ರಕ್ತ ಕಂಡರೆ ತಲೆ ಸುತ್ತುತ್ತದೆ ಎಂಬುದಕ್ಕೆ ಹೆದರಬೇಕಿಲ್ಲ, ಬಹಳ ಮಂದಿಗೆ ಅದು ಕೆಲವೇ ವಾರಗಳಲ್ಲಿ ಹೋಗುತ್ತದೆ.

ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಶೇ 45 ಅಂಕ ಬೇಕು. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಮೂರು ವರ್ಷ, ಅದಕ್ಕೆ ಕಲಾ, ವಾಣಿಜ್ಯ ಓದಿದವರೂ ಸೇರಬಹುದು. ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿಯ ನಾರ್ಸೆಟ್ ಪರೀಕ್ಷೆ ಬರೆಯಲು ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು, ಬಿಎಸ್ಸಿಯವರಿಗೆ ಬೇಡ. ಶುಲ್ಕದ ಉಳಿತಾಯ ನೋಡಿ ಜಿಎನ್‌ಎಂ ಆರಿಸುವವರು ಇದನ್ನೂ ತೂಗಿ ನೋಡಲಿ. ವಿದೇಶದ ಕನಸಿರುವವರಿಗೆ ನರ್ಸಿಂಗ್‌ನಷ್ಟೇ ಭಾಷೆಯೂ ಮುಖ್ಯ. ಜರ್ಮನಿಗೆ ಜರ್ಮನ್ ಭಾಷೆಯ ಬಿ2 (ಮಧ್ಯಮಕ್ಕಿಂತ ಮೇಲಿನ) ಮಟ್ಟ ಕೇಳುತ್ತಾರೆ. ಬ್ರಿಟನ್‌ಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಮಾತು, ಆಲಿಸುವಿಕೆಗೆ ತಲಾ 7, ಬರವಣಿಗೆಗೆ 6.5 ಬೇಕು. ಏಜೆಂಟರು ಈ ಅಂಕಿಗಳನ್ನು ಕೊನೆಗೆ ಹೇಳುತ್ತಾರೆ.

ಇಷ್ಟೆಲ್ಲ ಒಲವಿದ್ದರೂ ಕಲಿಯಲು ರೋಗಿಗಳು ಬೇಕಲ್ಲ? ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ 100 ಹಾಸಿಗೆಯ ಮಾತೃ ಆಸ್ಪತ್ರೆ (ಹೆರಿಗೆ ಆಸ್ಪತ್ರೆಯಲ್ಲ, ಕಾಲೇಜಿನದೇ ‘ಪೇರೆಂಟ್’ ಆಸ್ಪತ್ರೆ), ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬ ಮಾತಿದೆ. ಕಟ್ಟಡ, ಲ್ಯಾಬಿನ ಬೊಂಬೆಗಳನ್ನು ತೋರಿಸಿ ಪ್ರವೇಶ ಮಾಡಿಕೊಳ್ಳುವ ಕಡೆ ಪೋಷಕರು ಕೇಳಬೇಕಾದ್ದು: ಬೆಳಿಗ್ಗೆ ಕಾಲೇಜು ಬಸ್ಸು ಯಾವ ಆಸ್ಪತ್ರೆಗೆ ಹೋಗುತ್ತದೆ, ಅಲ್ಲಿ ಇವತ್ತು ಎಷ್ಟು ಹಾಸಿಗೆ ಭರ್ತಿಯಾಗಿವೆ, ಹೆರಿಗೆ ವಾರ್ಡ್ ಇದೆಯೇ? ರೋಗಿಗಳಿಲ್ಲದ ಕಡೆ ಮಕ್ಕಳು ಸೀನಿಯರ್‌ಗಳ ಕೇಸ್ ಬುಕ್ (ತಾವು ನೋಡಿಕೊಂಡ ರೋಗಿಗಳ ದಾಖಲೆ ಪುಸ್ತಕ) ನಕಲು ಮಾಡಿ ಸಹಿ ಹಾಕಿಸಿಕೊಳ್ಳುತ್ತಾರೆ.

ಇನ್ನೊಂದನ್ನು ಕೇಳಲು ಮರೆಯಬಾರದು. ಪೋಸ್ಟಿಂಗ್‌ಗೆ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡುತ್ತಾರೆಯೇ? ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಚುಚ್ಚಿಸಿಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ. ಮುಚ್ಚಳ ಹಾಕದೆ ಸೀದಾ ಬಿಳಿಯ, ಚುಚ್ಚಿದರೂ ತೂತಾಗದ ಡಬ್ಬಿಗೆ ಹಾಕಬೇಕು. ಚುಚ್ಚಿಕೊಂಡರೆ ಹಿಂಡಬಾರದು, ಬಾಯಿಗೆ ಇಡಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ತಿಳಿಸಬೇಕು. ಎಚ್‌ಐವಿ ತಡೆ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರು ಮಾಡುವುದು ಉತ್ತಮ, 72 ಗಂಟೆ ದಾಟಬಾರದು. ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಡುತ್ತಾರೆ. ಮೊದಲ ದಿನವೇ ‘ಹೇಳಿದರೆ ಬೈಯುವುದಿಲ್ಲ’ ಎಂದು ಹೇಳುವ ಕಾಲೇಜು ಒಳ್ಳೆಯದು.

ಸಂಬಳದ ಮಾತು. 2016ರ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತ್ತು. ಅಂದಿನ 20,000ವನ್ನೂ ಇಂದು ಕೊಡದ ನರ್ಸಿಂಗ್ ಹೋಂಗಳಿವೆ. ಒಲವಿನಿಂದ ಬಂದವರೂ ಎರಡೇ ವರ್ಷಕ್ಕೆ ಬಿಟ್ಟುಹೋಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಸರ್ಕಾರ ಸದ್ಯಕ್ಕೆ ಒಂದು ಸಣ್ಣ ಕೆಲಸ ಮಾಡಲಿ. ಸೀಟು ಹಂಚಿಕೆಯ ಪಟ್ಟಿಯಲ್ಲಿ ಪ್ರತಿ ಕಾಲೇಜಿನ ಹೆಸರಿನ ಮುಂದೆ ಮಾತೃ ಆಸ್ಪತ್ರೆಯ ಹೆಸರು, ಹಾಸಿಗೆ ಸಂಖ್ಯೆ, ಕಾಲೇಜಿನಿಂದ ಅಲ್ಲಿಗಿರುವ ದೂರ, ಹಿಂದಿನ ವರ್ಷ ಅಲ್ಲಾದ ಹೆರಿಗೆಗಳ ಸಂಖ್ಯೆ, ಈ ನಾಲ್ಕನ್ನು ನಮೂದಿಸಲಿ. ಆಯ್ಕೆ ದಾಖಲಿಸುವ ದಿನ ಮಕ್ಕಳ ಕಣ್ಣಿಗೆ ಅದು ಬೀಳುವಂತಿರಲಿ.

— ನರ್ಸಿಂಗ್ ಬೋಧಕಿ, ಹಾಸನ