ವಾಯುಭಾರಕ್ಕೆ ಒಂದೇ ಮಾನವಿರಲಿ

ಮಾನ್ಯರೇ,

ಕಳೆದ ವಾರ ಮಲ್ಪೆ ಬಂದರಿನಲ್ಲಿ ಪರಿಚಯದ ತಾಂಡೇಲರೊಬ್ಬರು (ಮೀನುಗಾರಿಕೆ ಬೋಟು ನಡೆಸುವವರು) ಒಂದು ಕೈಯಲ್ಲಿ ದಿನಪತ್ರಿಕೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ನನ್ನ ಬಳಿ ಬಂದರು. ಪತ್ರಿಕೆಯಲ್ಲಿ ವಾಯುಭಾರ 1004 ಎಂದಷ್ಟೇ ಇತ್ತು. ಮೊಬೈಲಿನ ಆ್ಯಪ್ 29.65 ಎನ್ನುತ್ತಿತ್ತು. "ಮಾಷ್ಟ್ರೇ, ಇದರಲ್ಲಿ ಯಾವುದು ಸರಿ?" ಎಂದು ಕೇಳಿದರು. ಎರಡೂ ಸರಿಯೇ. ಮೊದಲನೆಯದು ಹೆಕ್ಟೋಪಾಸ್ಕಲ್, ಎರಡನೆಯದು ಅಮೆರಿಕದಲ್ಲಿ ಇಂದಿಗೂ ರೂಢಿಯಲ್ಲಿರುವ ಪಾದರಸದ ಇಂಚು. ಕಡಲಿಗೆ ಇಳಿಯಬೇಕೋ ಬೇಡವೋ ಎಂದು ಯೋಚಿಸುತ್ತಿರುವವರ ಮುಂದೆ ಮಾನದ ಹೆಸರೇ ಇಲ್ಲದ ಅಂಕಿಯನ್ನು ಇಡುವುದು ಮಾತ್ರ ಸರಿಯಲ್ಲ.

ಮೆಟ್ರಿಕ್ ಪದ್ಧತಿಗೆ 1956ರಲ್ಲೇ ಕಾನೂನು ಮಾಡಿಕೊಂಡ ದೇಶ ನಮ್ಮದು. ಭಾರತೀಯ ಹವಾಮಾನ ಇಲಾಖೆ ಬಳಸುವುದೂ, ಬಜ್ಪೆಯಲ್ಲಿ ಇಳಿಯುವ ವಿಮಾನದ ಪೈಲಟ್‌ಗೆ ತಿಳಿಸುವುದೂ ಹೆಕ್ಟೋಪಾಸ್ಕಲ್ಲಿನಲ್ಲೇ. ಕೆನಡಾದಲ್ಲಿರುವಂತೆ ಕಿಲೋಪಾಸ್ಕಲ್ ಬಳಸುವುದು ಹೆಚ್ಚು ಶಾಸ್ತ್ರೀಯವೆಂದು ವಾದಿಸುವವರಿದ್ದಾರೆ. ವರ್ಷಗಟ್ಟಲೆ ಭೌತವಿಜ್ಞಾನ ಪಾಠ ಮಾಡಿದ ನನಗೂ ಆ ಮಾತಿನ ತೂಕ ಗೊತ್ತು. ಆದರೆ 100.8ರಿಂದ 100.4ಕ್ಕೆ ಇಳಿಯಿತು ಎಂದರೆ ಓದುಗರ ಕಣ್ಣಿಗೆ ಬೀಳದ ವ್ಯತ್ಯಾಸ, 1008ರಿಂದ 1004ಕ್ಕೆ ಎಂದಾಗ ಥಟ್ಟನೆ ಕಾಣುತ್ತದೆ. ಒಂದು ಹೆಕ್ಟೋಪಾಸ್ಕಲ್ ಎಂದರೆ ಸರಿಯಾಗಿ ಒಂದು ಮಿಲಿಬಾರ್ ಆದ್ದರಿಂದ, ಹಳೆಯ ಅಂಕಿಗಳಿಗೆ ಒಗ್ಗಿಕೊಂಡವರು ಲೆಕ್ಕವನ್ನೇ ಬದಲಿಸಬೇಕಿಲ್ಲ. ಸಮುದ್ರಮಟ್ಟದಲ್ಲಿ 1013.25 ಹೆಕ್ಟೋಪಾಸ್ಕಲ್ ಪ್ರಮಾಣಿತ ವಾಯುಭಾರ ಎಂಬುದೊಂದು ನೆನಪಿದ್ದರೆ, 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಅಪ್ಪಳಿಸಿದ ತೌಕ್ತೆ ಚಂಡಮಾರುತದ ಕೇಂದ್ರದಲ್ಲಿ ಅದು ಸುಮಾರು 950ಕ್ಕೆ ಕುಸಿದಿತ್ತೆಂಬ ಸುದ್ದಿಯ ಭೀಕರತೆ ಯಾರಿಗಾದರೂ ಅರ್ಥವಾಗುತ್ತದೆ.

ಮಾನದ ಜೊತೆಗೆ ಹೊತ್ತನ್ನೂ ಕೊಡಬೇಕು. ನಮ್ಮ ಕಡೆ ಬೆಳಿಗ್ಗೆ ಹತ್ತರ ಸುಮಾರಿಗೆ ಏರುವ ವಾಯುಭಾರ ಸಂಜೆ ನಾಲ್ಕರ ಹೊತ್ತಿಗೆ ಮೂರು ಹೆಕ್ಟೋಪಾಸ್ಕಲ್ಲಿನಷ್ಟು ಇಳಿಯುವುದು ದಿನನಿತ್ಯದ ಸಂಗತಿ. ಇದನ್ನು ತಿಳಿಯದೆ ಎರಡು ಹೊತ್ತಿನ ಅಂಕಿಗಳನ್ನು ಹೋಲಿಸಿದವರಿಗೆ ಇಲ್ಲದ ಚಂಡಮಾರುತ ಕಾಣಿಸೀತು. ಎತ್ತರದ ವಿಚಾರವೂ ಹೀಗೆಯೇ. ಸಮುದ್ರಮಟ್ಟಕ್ಕೆ ಹೊಂದಿಸದೆ ಹೇಳಿದರೆ ಆಗುಂಬೆಯ ಅಂಕಿ ಉಡುಪಿಯದಕ್ಕಿಂತ ಸುಮಾರು 70 ಕಡಿಮೆ ಇರುತ್ತದೆ, ಅಲ್ಲಿ ಆಕಾಶ ಎಷ್ಟೇ ಶುಭ್ರವಾಗಿರಲಿ.

"1004 ಹೆಕ್ಟೋಪಾಸ್ಕಲ್, ಬೆಳಿಗ್ಗೆ 8.30, ಸಮುದ್ರಮಟ್ಟಕ್ಕೆ" ಎಂದು ಮುದ್ರಿಸಲು ತಮ್ಮ ಹವಾಮಾನ ಅಂಕಣದಲ್ಲಿ ಒಂದು ಸಾಲು ಸಾಕು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿಯುವುದರೊಳಗೆ ಈ ಕ್ರಮವನ್ನು ಆರಂಭಿಸಬೇಕೆಂದು ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಅಂಬಲಪಾಡಿ, ಉಡುಪಿ