ಕಿರುಚುವುದಕ್ಕೂ ಒಂದು ಲೆಕ್ಕ ಇದೆ

ಮಾನ್ಯರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ರಾಕ್ ಸಂಗೀತ ಎಂದರೆ ‘ಮೈಕ್ ಹಿಡಿದು ಕಿರುಚುವುದು, ಅಷ್ಟೇ’ ಎಂದು ಬರೆದಿದ್ದರು. ಮೈಕಿನ ಮಾತು ಬಂದದ್ದರಿಂದ ಸುಮ್ಮನಿರಲು ಆಗಲಿಲ್ಲ. ತಿಪಟೂರಿನಲ್ಲಿ ನನ್ನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಜಾತ್ರೆ, ಮದುವೆ, ಗಣಪತಿ ಆರ್ಕೆಸ್ಟ್ರಾ, ಚುನಾವಣಾ ಭಾಷಣ ಎಲ್ಲಕ್ಕೂ ಹೋಗುತ್ತೇನೆ. ಕಿರುಚಾಟ ಎಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಒಂದೇ ಒಂದು ಹಾಡು ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ರಾಕ್ ತಂಡ ಐರನ್ ಮೇಡನ್‌ನ ‘ಹ್ಯಾಲೋಡ್ ಬಿ ದೈ ನೇಮ್’. 1982ರಲ್ಲಿ ಬಂದ ‘ದ ನಂಬರ್ ಆಫ್ ದ ಬೀಸ್ಟ್’ ಆಲ್ಬಮ್ಮಿನ ಕೊನೆಯ ಹಾಡು. ಬರೆದವರು ಬೇಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್. ಹಾಡಿದವರು ಬ್ರೂಸ್ ಡಿಕಿನ್ಸನ್, ಆ ತಂಡದಲ್ಲಿ ಅವರ ಮೊದಲ ಆಲ್ಬಮ್ ಅದು. ಗಲ್ಲು ಶಿಕ್ಷೆಯಾದ ಒಬ್ಬ ಜೈಲಿನ ಕೋಣೆಯಲ್ಲಿ ಕೂತು ತನ್ನ ಕೊನೆಯ ಗಳಿಗೆಗೆ ಕಾಯುತ್ತಿದ್ದಾನೆ. ಕತೆ ಇಷ್ಟೇ.

ಶುರುವಿನಲ್ಲಿ ಗಂಟೆ ಹೊಡೆಯುತ್ತದೆ. ನಿಧಾನವಾದ ಗಿಟಾರ್. ಡಿಕಿನ್ಸನ್ ಇಲ್ಲಿ ಬಹುತೇಕ ಮಾತಾಡುವ ದನಿಯಲ್ಲೇ ಹಾಡುತ್ತಾರೆ. ಅಕ್ಷರ ಅಕ್ಷರವೂ ಬಿಡಿಸಿ ಕೇಳುತ್ತದೆ. ಸಾಲಿನಿಂದ ಸಾಲಿಗೆ ದನಿ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತದೆ. ತನಗೆ ಉಳಿದ ಹೊತ್ತು ಮುಗಿಯುತ್ತಾ ಬಂತು ಎನ್ನುವ ಸಾಲಿನ ಕೊನೆಯ ಪದ ಬಂದಾಗ ಮಾತ್ರ ದನಿ ಮೇಲೇರಿ ಅಲ್ಲೇ ನಿಲ್ಲುತ್ತದೆ. ಉಸಿರು ಎಲ್ಲಿಂದ ತಂದರೋ ಗೊತ್ತಿಲ್ಲ. ಆ ಸ್ವರ ನಿಂತಿರುವಾಗಲೇ ಅದರ ಕೆಳಗೆ ಡ್ರಮ್ಸು, ಗಿಟಾರು ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ.

ಇದನ್ನು ನಮ್ಮ ಆರ್ಕೆಸ್ಟ್ರಾಗಳ ಜೊತೆ ಇಟ್ಟು ನೋಡಿ. ಗಾಯಕ ವೇದಿಕೆ ಹತ್ತುವ ಮೊದಲೇ ‘ಅಣ್ಣಾ, ಎಕೋ ಜಾಸ್ತಿ ಕೊಡಿ’ ಅಂತಾನೆ. ಮೊದಲ ಸಾಲಿಗೇ ಮೈಕನ್ನು ಬಾಯೊಳಗೆ ಇಟ್ಟುಕೊಳ್ಳುತ್ತಾನೆ. ದನಿ ಹದ್ದು ಮೀರಿತು ಎನ್ನುವ ಕೆಂಪು ಲೈಟು ನನ್ನ ಸೌಂಡ್ ಮಿಕ್ಸರಿನಲ್ಲಿ ಹತ್ತಿಯೇ ಇರುತ್ತದೆ. ಆಮೇಲೆ ಹಾಡಿನ ಎತ್ತರದ ಜಾಗ ಬಂದರೆ ಏರುವುದಕ್ಕೆ ಅವನಿಗೂ ಜಾಗವಿಲ್ಲ, ದನಿ ಏರಿಸಿ ಇಳಿಸುವ ನನ್ನ ಫೇಡರಿಗೂ ಇಲ್ಲ. ಅದು ಕಿರುಚಾಟ.

ಇನ್ನು ಹಾಡಿನ ಕಟ್ಟಡ. ಏಳು ನಿಮಿಷದ ಹಾಡು, ಆದರೆ ಪಲ್ಲವಿ ಇಲ್ಲ. ಚರಣ, ನಡುವೆ ಗಿಟಾರು, ಮತ್ತೆ ಚರಣ. ಹೀಗೆ ಮುಂದೆ ಮುಂದೆ ಹೋಗುತ್ತದೆಯೇ ಹೊರತು ಹಾಡಿದ ಸಾಲಿಗೆ ಮತ್ತೆ ಮರಳುವುದಿಲ್ಲ. ಗಲ್ಲಿಗೆ ಹೊರಟವನು ಮರಳುವುದಾದರೂ ಎಲ್ಲಿಗೆ, ಅಲ್ವಾ? ಹಾಡಿನ ಹೆಸರು ಕ್ರೈಸ್ತರ ಪ್ರಾರ್ಥನೆಯ ಸಾಲು, ‘ನಿನ್ನ ನಾಮ ಪವಿತ್ರವಾಗಲಿ’ ಅಂತ. ಅದು ಬಾಯಿಗೆ ಬರುವುದು ಕಟ್ಟಕಡೆಗೆ. ಡೇವ್ ಮರ್ರೆ, ಏಡ್ರಿಯನ್ ಸ್ಮಿತ್ ಇಬ್ಬರೂ ಗಿಟಾರ್ ನುಡಿಸಿ, ವೇಗ ಏರಿ, ಎಲ್ಲ ಮುಗಿಯಿತು ಅನ್ನಿಸಿದ ಮೇಲೆ ಡಿಕಿನ್ಸನ್ ಗಂಟಲು ಪೂರ್ತಿ ಬಿಚ್ಚಿ ಆ ಸಾಲನ್ನು ಹಾಡುತ್ತಾರೆ. (ನಡುವಿನ ಗಿಟಾರ್ ಭಾಗ ಸ್ವಲ್ಪ ಉದ್ದವಾಯಿತು ಅಂತ ನನಗೂ ಅನ್ನಿಸುತ್ತದೆ. ನನ್ನ ಮಗ ಒಪ್ಪುವುದಿಲ್ಲ.)

ಮಧ್ಯದಲ್ಲಿ ಒಂದು ಕಡೆ ಕೈದಿ, ಕಿರುಚದೆ ಇರುವುದು ಸುಲಭವಲ್ಲ ಎನ್ನುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಿರುಚಿಬಿಡುತ್ತಿದ್ದರು. ಡಿಕಿನ್ಸನ್ ಆ ಸಾಲನ್ನು ಸ್ವರ ಬಿಡದೆ ಹಾಡಿ ಮುಂದೆ ಹೋಗುತ್ತಾರೆ. ಆ ಸಾಲು ಬಂದಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಈ ಹಿಡಿತ ಸುಮ್ನೆ ಬಂದದ್ದಲ್ಲ. ಅದೇ ಆಲ್ಬಮ್ಮಿನ ಶೀರ್ಷಿಕೆ ಹಾಡಿಗೆ ನಿರ್ಮಾಪಕ ಮಾರ್ಟಿನ್ ಬರ್ಚ್ ಮೊದಲ ಸಾಲುಗಳನ್ನೇ ಗಂಟೆಗಟ್ಟಲೆ ಮತ್ತೆ ಮತ್ತೆ ಹಾಡಿಸಿದ್ದನ್ನು ಡಿಕಿನ್ಸನ್ ಆಮೇಲೆ ನೆನಪಿಸಿಕೊಂಡಿದ್ದಾರೆ. ರೇಗಿಹೋಗುವಷ್ಟು ಹಾಡಿಸಿದರಂತೆ. ಆ ಹಾಡಿನ ಹೆಸರಾಂತ ಕೂಗಿನಲ್ಲಿ ಆ ಸಿಟ್ಟೂ ಇದೆ.

ಪತ್ರ ಬರೆದವರ ಮಾತು ಪೂರ್ತಿ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ವೇದಿಕೆಯ ಮೇಲೆ ಡಿಕಿನ್ಸನ್ ಜನರಿಗೇ ‘ನನಗೋಸ್ಕರ ಕಿರುಚಿ’ ಎಂದು ಆಜ್ಞೆ ಮಾಡುತ್ತಾರೆ! 2007ರ ಮಾರ್ಚ್ 17ರಂದು ಈ ತಂಡ ಭಾರತದಲ್ಲಿ ಮೊದಲ ಸಲ ಕಾರ್ಯಕ್ರಮ ಕೊಟ್ಟದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. ನಾನು ಹೋದದ್ದು ನಿಜಕ್ಕೂ ಅವರ ಸ್ಪೀಕರುಗಳನ್ನು ನೋಡುವುದಕ್ಕೆ. ಜನರ ಕಿರುಚಾಟ ನನ್ನ ಕಿವಿಯಲ್ಲಿ ಮಾರನೇ ದಿನದವರೆಗೂ ಇತ್ತು.

ಆ ಓದುಗರು ಈ ಹಾಡನ್ನು ಒಮ್ಮೆ ಕೇಳಲಿ ಎಂದು ಕೋರುತ್ತೇನೆ. ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ಹ್ಯಾರಿಸ್ ಅವರ ಬೇಸ್ ಇರುವುದೇ ಗೊತ್ತಾಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಲಿ. ಶುರುವಿನಲ್ಲಿ ದನಿ ಸಣ್ಣದಿದೆ ಅಂತ ವಾಲ್ಯೂಮ್ ಮಾತ್ರ ಏರಿಸಬಾರದು.

– ಒಬ್ಬ ಮೈಕ್‌ಸೆಟ್‌ನವನು, ತಿಪಟೂರು