ಹಾರ ಹಾಕುವ ಆತುರ ಬೇಡ

ಮಾನ್ಯರೇ,

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಸ್ವಯಂಸೇವಕನಾಗಿ ದುಡಿಯುತ್ತ ಬಂದವನು ನಾನು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಆಶ್ರಯದ ಎಂಟು ದಿನಗಳ ಈ ಶಿಬಿರಗಳು ಎಷ್ಟೋ ಸಂಸಾರಗಳನ್ನು ಉಳಿಸಿವೆ. ಆದರೆ ಸಮಾರೋಪದ ದಿನವೇ, ಕುಡಿತ ಬಿಟ್ಟು ವಾರವಷ್ಟೇ ಆದವರ ಕೊರಳಿಗೆ ಹಾರ ಹಾಕಿ, ಕೈಗೆ ಮೈಕು ಕೊಟ್ಟು, ಇನ್ನು ಇವರೇ ಊರಿಗೆ ಮಾದರಿ ಎಂದು ಸಾರುವ ಆತುರವನ್ನು ಊರಿನವರಾದ ನಾವು ಬಿಡಬೇಕೆಂದು ಕೋರುತ್ತೇನೆ.

ಕುಡಿತದಲ್ಲಿ ಮುಳುಗಿದವನು ಭಾಷಣಕ್ಕೆ ಕಿವಿಗೊಡುವುದಿಲ್ಲ. ವಾರದ ಬಟವಾಡೆ ಕೈಗೆ ಬಂದ ಮೇಲೂ ಸಂತೆ ಮುಗಿಸಿ ನೆಟ್ಟಗೆ ಮನೆಗೆ ಹೋಗುವವನನ್ನು, ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಲೋಟ ಮುಟ್ಟದವನನ್ನು, ಒಂದು ಕಾಫಿ ಕೊಯ್ಲಿನಿಂದ ಮತ್ತೊಂದು ಕೊಯ್ಲಿನವರೆಗೆ ತೋಟದ ಕೂಲಿ ಲೈನಿನ ಮನೆಗಳವರೆಲ್ಲ ನೋಡಿದ ಮೇಲೆ ಅವನ ಮಾತಿಗೆ ತೂಕ ಬರುತ್ತದೆ. ಶಿಬಿರ ಮುಗಿಸಿ ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗಳೂ ನೂರು ದಿನ ತುಂಬಿದವರಿಗೆ ನಡೆಸುವ ಶತದಿನೋತ್ಸವವೂ ಇರುವುದು ಈ ಕಾಲಾವಧಿಯ ಬೆಲೆಯನ್ನು ಅರಿತೇ ಎಂದು ನಾನು ತಿಳಿದಿದ್ದೇನೆ.

ದೇವರ ಹೆಸರಿನಲ್ಲಿ ಕುಡಿತ ಬಿಟ್ಟವರಿಗೆ ಇನ್ನೊಂದು ಕಷ್ಟವಿದೆ, ಅದನ್ನು ನಾವು ಬಾಯಿ ಬಿಟ್ಟು ಹೇಳುವುದು ಕಡಿಮೆ. ಮಂಜುನಾಥ ಸ್ವಾಮಿಯ ಮುಂದೆ ಮಾಡಿದ ಸಂಕಲ್ಪ ಒಂದು ಸಂಜೆ ಮುರಿದರೆ, ಆಣೆ ತಪ್ಪಿದ ಭಯಕ್ಕೂ ನಾಚಿಕೆಗೂ ಆ ಮನುಷ್ಯ ಸಭೆಯತ್ತ ತಲೆ ಹಾಕುವುದಿಲ್ಲ, ದೇವಸ್ಥಾನದ ಮೆಟ್ಟಿಲನ್ನೂ ಹತ್ತುವುದಿಲ್ಲ. ಒಂದು ದಿನದ ಕುಡಿತ ಹೀಗೆಯೇ ತಿಂಗಳುಗಟ್ಟಲೆ ಬೆಳೆಯುತ್ತದೆ. ಆಗ ದೇವರು ನೋಡಿಕೊಳ್ಳುತ್ತಾನೆ ಎಂದು ಹೆದರಿಸುವವರು ಬೇಕಿಲ್ಲ. ಮರುದಿನ ಬೆಳಿಗ್ಗೆಯೇ ಅವನ ಮನೆಗೆ ಹೋಗಿ, ಹೆಂಡತಿ ಮಕ್ಕಳ ಮುಂದೆ ಬೈಯದೆ, ‘ಬಾ ಅಣ್ಣ, ಇವತ್ತಿನ ಸಭೆಗೆ ಜೊತೆಯಲ್ಲೇ ಹೋಗೋಣ’ ಎನ್ನುವವರು ಬೇಕು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ಬಳಿಗೇ ಹೋಗಿ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತೇವೆ.

ನಂಬಿಕೆಯುಳ್ಳ ಮಾರ್ಗದರ್ಶಿಗೆ ವೈದ್ಯರ ಅಗತ್ಯವೂ ತಿಳಿದಿರಬೇಕು. ದಿನವೂ ವಿಪರೀತ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಬರಬಹುದು, ಬುದ್ಧಿಭ್ರಮೆಯಾಗಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅಂಥ ಹೊತ್ತಿನಲ್ಲಿ ಭಜನೆಗೆ ಕೂರಿಸದೆ ಆಸ್ಪತ್ರೆಗೆ ಕರೆದೊಯ್ದವನ ಮಾತನ್ನು ಆ ಮನೆಯವರು ಮುಂದೆಂದೂ ತೆಗೆದುಹಾಕುವುದಿಲ್ಲ.

ಆದ್ದರಿಂದ ಮುಂದಿನ ಶಿಬಿರಗಳ ವ್ಯವಸ್ಥಾಪನಾ ಸಮಿತಿಗಳು ಹೊಸಬರನ್ನು ವೇದಿಕೆ ಹತ್ತಿಸುವುದನ್ನು ಕನಿಷ್ಠ ಒಂದು ವರ್ಷ ಮುಂದೂಡಲಿ. ಹಲವು ವರ್ಷಗಳಿಂದ ಪಾನಮುಕ್ತರಾಗಿರುವ ಅದೇ ಊರಿನ ಒಬ್ಬರನ್ನು ಪ್ರತಿ ಶಿಬಿರಾರ್ಥಿಯ ಜೊತೆಗಾರರನ್ನಾಗಿ ಗೊತ್ತುಮಾಡಲಿ. ಸಭಾಭವನದ ಗೋಡೆಯ ಮೇಲೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಲಿ.

ಇಂತಿ,
ಶಿಬಿರದ ಒಬ್ಬ ಸ್ವಯಂಸೇವಕ,
ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು